ಗುಮಟೆಯ ಚರ್ಮ ಮತ್ತು ನನ್ನ ಸೈಕಲ್ಲಿನ ಸೀಟು

ವ್ರತಪಾಲನೆ ಕಠಿಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ಸತ್ಯವೇ. ಆದರೆ ವ್ರತವನ್ನು ಪಾಲಿಸುತ್ತಿದ್ದೇನೆಂಬ ಭಾವನೆಯಿಂದ ಮನಸ್ಸಿನ ಮೂಲೆಯಲ್ಲಿ ಬೆಳೆಯುವ ಅಹಂಕಾರವನ್ನು ಗುರುತಿಸುವುದು ಅದಕ್ಕಿಂತಲೂ ಕಠಿಣವೆಂದು ನನಗೆ ತೋರುತ್ತದೆ. ನನ್ನೊಳಗಿದ್ದ ಅಂಥ ಅಹಂಕಾರವನ್ನು ನನಗೆ ತೋರಿಸಿಕೊಟ್ಟವರು ಯಾವ ಪಂಡಿತರೂ ಅಲ್ಲ. ಅಂಕೋಲಾ ತಾಲೂಕಿನ ಒಂದು ಹಾಲಕ್ಕಿ ಕೊಪ್ಪದ ಏಳೆಂಟು ವರ್ಷದ ಒಬ್ಬ ಹುಡುಗ. ಆ ಪ್ರಸಂಗವನ್ನು ಇಷ್ಟು ವರ್ಷಗಳ ಬಳಿಕ ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆನಿಸಿದೆ.

1989ರಲ್ಲಿ ನಾನು ಅಗಸೂರಿನಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿದ್ದು, ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಹುಟ್ಟಿ ಬೆಳೆದದ್ದು ಕಾರ್ಕಳದ ಕಡೆ. ಅಲ್ಲಿ ಬೆಳಗಾದರೆ ಬಸದಿಯ ಗಂಟೆ ಕೇಳುತ್ತಿತ್ತು. ಅಗಸೂರಿನಲ್ಲಿ ಕೇಳುತ್ತಿದ್ದುದು ಅರಬೈಲು ಘಟ್ಟ ಇಳಿದು ಬರುವ ಲಾರಿಗಳ ಸದ್ದು. ಉತ್ತರ ಕನ್ನಡವೆಂದರೆ ಗೇರುಸೊಪ್ಪೆ, ಹಾಡುವಳ್ಳಿ, ಸೋಂದೆಗಳಿರುವ ಜಿಲ್ಲೆಯೇ ಸರಿ. ಆದರೆ ನಾನಿದ್ದ ಆಸುಪಾಸಿನಲ್ಲಿ ನಮ್ಮವರ ಮನೆಗಳಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ, ಗಾಳಿಸಿದ ನೀರು, ಕಂದಮೂಲಗಳ ವರ್ಜನೆ, ಇವೆಲ್ಲವನ್ನೂ ಒಬ್ಬನೇ ನಡೆಸಿಕೊಂಡು ಬರುತ್ತಿದ್ದೆ. ಒಬ್ಬನೇ ನಡೆಸಿಕೊಂಡು ಬರುತ್ತಿದ್ದೇನೆಂಬ ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಬಳಿ ಒಂದು ಹಳೆಯ ಸೈಕಲ್ಲಿತ್ತು. ತಂದೆಯವರು ಉಪಯೋಗಿಸಿ ನನಗೆ ಕೊಟ್ಟದ್ದು. ಅದರ ಚೌಕಟ್ಟು, ಗಾಲಿ, ಗಂಟೆ ಎಲ್ಲವೂ ಸಾಮಾನ್ಯವೇ. ಸೀಟು ಮಾತ್ರ ವಿಶೇಷವಾದದ್ದು. ವರ್ಷಗಟ್ಟಲೆ ಬಳಸಿ ನುಣುಪಾಗಿ, ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ತಿಂಗಳಿಗೊಮ್ಮೆ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಒರೆಸುವುದು ತಂದೆಯವರ ರೂಢಿಯಾಗಿತ್ತು. ಅದನ್ನು ನಾನೂ ತಪ್ಪದೆ ಮುಂದುವರಿಸಿದ್ದೆ.

ಆ ವರ್ಷ ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮುಂಚಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ, ಪರಿಚಯದ ಹಾಲಕ್ಕಿ ಹಿರಿಯರೊಬ್ಬರ ಕರೆಯ ಮೇರೆಗೆ ಅವರ ಕೊಪ್ಪದ ಸುಗ್ಗಿ ನೋಡಲು ಹೊರಟೆ. ಅವರ ಸಂಬಂಧಿಕರ ಮಗನೊಬ್ಬ ನಮ್ಮ ಶಾಲೆಯ ವಿದ್ಯಾರ್ಥಿಯಾಗಿದ್ದನು. ಕೊಪ್ಪವಿದ್ದುದು ಅಂಕೋಲಾ ಪಟ್ಟಣವನ್ನು ದಾಟಿ ಕಡಲಿನ ಮಗ್ಗುಲಿಗೆ. ಆ ಮನೆಯವರ ಸಲುವಾಗಿ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಾತ್ರಿ ಅಲ್ಲೇ ತಂಗಿ ಭಾನುವಾರ ಮರಳುವುದೆಂದು ನಿಶ್ಚಯಿಸಿದ್ದೆ. ಕತ್ತಲೆಯಲ್ಲಿ ಸೈಕಲ್ ತುಳಿಯಬಾರದೆಂಬುದು ನಾನು ಹಾಕಿಕೊಂಡಿದ್ದ ನಿಯಮ. ಡೈನಮೋದ ಬೆಳಕಿಗೆ ಮುತ್ತುವ ಹುಳುಗಳು ಎಷ್ಟು ಸಾಯುತ್ತವೆಂಬುದನ್ನು ಒಮ್ಮೆ ಕಂಡವನಿಗೆ ಮತ್ತೆ ರಾತ್ರಿ ಸವಾರಿ ಮಾಡುವ ಮನಸ್ಸು ಬಾರದು.

ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಗೆ ಈಗ 52ನೆಯ ಸಂಖ್ಯೆ. ಅಂದು ಅದರ ಅಂಚಿನಲ್ಲಿ ನೆರಳು ಹೆಚ್ಚಾಗಿತ್ತು. ಗೇರು ಹೂ ಬಿಟ್ಟ ಕಾಲ. ಗಾಳಿಯಲ್ಲಿ ಅದರ ಘಾಟು ಕಂಪು. ಕೊಯ್ಲು ಮುಗಿದ ಗದ್ದೆಗಳಲ್ಲಿ ದನಗಳು ಮೇಯುತ್ತಿದ್ದವು. ಲಾರಿಯೊಂದು ಹಾದುಹೋದಾಗಲೆಲ್ಲ ಸೈಕಲ್ಲನ್ನು ಮಣ್ಣಿನ ಅಂಚಿಗೆ ಇಳಿಸಬೇಕು. ಇಳಿಸುವಾಗ ಅಲ್ಲಿ ಇರುವೆಗಳ ಸಾಲು ಇದೆಯೇ ಎಂದು ನೋಡಬೇಕು. ಮುನಿಗಳು ನಾಲ್ಕು ಮೊಳ ದೂರದ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯನ್ನು ಸೈಕಲ್ಲಿನ ಮೇಲೆ ಪಾಲಿಸಲು ಹೊರಟ ಗೃಹಸ್ಥನ ಪಾಡು ನಗೆ ತರಿಸುವಂಥದು. ಆದರೂ ನನ್ನ ಶಕ್ತ್ಯಾನುಸಾರ ನೋಡುತ್ತ ಹೋದೆ. ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿ ಸೇರಿ, ಪಟ್ಟಣ ದಾಟಿ, ತೆಂಗಿನ ತೋಟಗಳ ನಡುವಿನ ಮಣ್ಣಿನ ದಾರಿ ಹಿಡಿದಾಗ ಬಿಸಿಲು ಇಳಿಮುಖವಾಗಿತ್ತು.

ಆ ಮನೆಯವರ ಆದರವನ್ನು ಮೊದಲು ಹೇಳಬೇಕು. ಮುಂದೆ ಬರುವ ನನ್ನ ತಪ್ಪಿನ ತೂಕ ತಿಳಿಯುವುದು ಆಗಲೇ. ಅಂಗಳವನ್ನು ಸೆಗಣಿಯಿಂದ ಸಾರಿಸಿದ್ದರು. ಹೆಗಲಮೇಲೆ ಸೀರೆ ಕಟ್ಟಿ, ಕೊರಳ ತುಂಬ ಮಣಿಸರ ಧರಿಸಿದ ಅಜ್ಜಿ ಬೇಯಿಸಿದ ಗೆಣಸನ್ನು ತಂದು ಮುಂದಿಟ್ಟರು. ಗೆಡ್ಡೆಗಳನ್ನು ನಾನು ತಿನ್ನುವುದಿಲ್ಲವೆಂದೆ. ಏಕೆಂದು ಅವರು ಕೇಳಲಿಲ್ಲ. ಮರುಮಾತಿಲ್ಲದೆ ಅದನ್ನು ಒಳಗಿಟ್ಟು ಬಾಳೆಹಣ್ಣು ತಂದರು. ಕತ್ತಲಾದ ಮೇಲೆ ಏನನ್ನೂ ಸೇವಿಸುವುದಿಲ್ಲವೆಂದಾಗ, ಹೊತ್ತು ಮುಳುಗುವ ಮುನ್ನವೇ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ ಸಿದ್ಧವಾಯಿತು. ನನ್ನ ಚೀಲದಿಂದ ಬಟ್ಟೆ ತೆಗೆದು ನೀರು ಸೋಸಲು ಹೊರಟಾಗ ಸೊಸೆಯಾದವರು ಅದನ್ನು ಇಸಿದುಕೊಂಡು ತಾವೇ ಎರಡು ಸಲ ಸೋಸಿ ಕೊಟ್ಟರು. ಹಬ್ಬದ ಗಡಿಬಿಡಿಯ ನಡುವೆ, ಕಾರಣ ತಿಳಿಯದ ಒಬ್ಬ ಪರಕೀಯನ ನಿಯಮಗಳನ್ನು ಆ ಮನೆ ಒಂದೊಂದಾಗಿ ನಡೆಸಿಕೊಟ್ಟಿತು.

ಸುಗ್ಗಿಯ ಮೇಳ ಬಂದದ್ದು ಸಂಜೆಯ ಕೆಂಪಿನಲ್ಲಿ. ಬೆಂಡು, ಬಣ್ಣದ ಕಾಗದಗಳಿಂದ ಕಟ್ಟಿದ ತುರಾಯಿಗಳನ್ನು ತಲೆಯ ಮೇಲೆ ಹೊತ್ತ ಗಂಡಸರು, ಕೈಯಲ್ಲಿ ನವಿಲುಗರಿಯ ಕುಂಚ ಹಿಡಿದು ಸುತ್ತುಗಟ್ಟಿ ಕುಣಿದರು. ಹಗಲೆಲ್ಲ ಮನೆಯಿಂದ ಮನೆಗೆ ಬರಿಗಾಲಿನಲ್ಲಿ ನಡೆದು ಬಂದವರೆಂದು ನೋಡಿದರೆ ತಿಳಿಯುತ್ತಿರಲಿಲ್ಲ. ಗೌಡ, ಬುಧವಂತ, ಕೋಲಕಾರ ಎಂಬ ಹಿರಿಯರ ವ್ಯವಸ್ಥೆ ಹಾಲಕ್ಕಿ ಒಕ್ಕಲಿಗರಲ್ಲಿ ಪೂರ್ವದಿಂದ ಬಂದದ್ದು. ಕುಣಿತದಲ್ಲಿಯೂ ಆ ಶಿಸ್ತು ಕಾಣುತ್ತಿತ್ತು. ಒಬ್ಬನೂ ಸಾಲು ತಪ್ಪಲಿಲ್ಲ, ಒಬ್ಬನೂ ಹಗುರವಾಗಿ ವರ್ತಿಸಲಿಲ್ಲ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ನಮ್ಮ ಮುನಿಗಳ ಪಿಂಛಿ ನನಗೆ ನೆನಪಾಯಿತು. ಮನಸ್ಸು ತುಂಬಿತ್ತು.

ಮೇಳ ಮುಂದಿನ ಮನೆಗೆ ಹೋದ ಮೇಲೆ ನಾಲ್ಕಾರು ಹಿರಿಯರು ಅಂಗಳದಲ್ಲಿ ಗುಮಟೆ ಹಿಡಿದು ಕುಳಿತರು. ಬೆಳದಿಂಗಳಿತ್ತು. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಒಂದು ಕೈ ಚರ್ಮದ ಮೇಲೆ ಬಡಿಯುತ್ತಿದ್ದಂತೆ ಇನ್ನೊಂದು ಕೈ ಕಿರಿದಾದ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಆಗ ನಾದ ಒಮ್ಮೆ ಆಳಕ್ಕಿಳಿದು ಒಮ್ಮೆ ಮೇಲೇಳುತ್ತದೆ. ಮನೆಯ ಯಜಮಾನರು ನನ್ನನ್ನು ತಮ್ಮ ಪಕ್ಕದ ಚಾಪೆಯ ಮೇಲೆ ಕೂಡಿಸಿಕೊಂಡಿದ್ದರು. ಅರ್ಧ ಗಂಟೆ ಮೈಮರೆತು ಕೇಳಿದೆ. ಹಾಡಿನ ಬಿಡುವಿನಲ್ಲಿ ಕುತೂಹಲದಿಂದ ಕೇಳಿದೆ:

“ಗೌಡರೇ, ಇದು ಯಾವ ಚರ್ಮ?”

“ಉಡದ್ದು, ಮಾಸ್ತರೇ,” ಎಂದರು ಅವರು ಮುಚ್ಚುಮರೆಯಿಲ್ಲದೆ. “ನನ್ನ ಅಜ್ಜ ಕಟ್ಟಿದ್ದು. ಇಲ್ಲೇ ಹಿಂದಿನ ಬೇಣದಲ್ಲಿ ಸಿಕ್ಕಿತ್ತಂತೆ. ಆ ವರ್ಷ ಮಳೆ ತಡವಾಗಿತ್ತು ಅಂತ ಅಜ್ಜ ಹೇಳ್ತಿದ್ದ. ಈಗ ಯಾರೂ ಹಿಡಿಯೋದಿಲ್ಲ. ಹಿಡಿಯಬಾರದು ಅಂತ ಕಾಯ್ದೆಯೂ ಉಂಟಲ್ಲ.”

ನಾನು ಎದ್ದು ನಿಂತೆ. ನನ್ನ ಧ್ವನಿ ಅಗತ್ಯಕ್ಕಿಂತ ದೊಡ್ಡದಾಗಿತ್ತು. “ಕೊಂದ ಪ್ರಾಣಿಯ ಚರ್ಮದ ಪಕ್ಕ ನಾನು ಕೂಡಲಾರೆ. ನಮ್ಮ ಧರ್ಮದಲ್ಲಿ ಇದು ಮಹಾಪಾಪ,” ಎಂದು ಹೇಳಿ ಅಂಗಳದ ಕೊನೆಗೆ ಹೋಗಿ ಕುಳಿತೆ. ಹಾಡು ನಿಂತಿತು. ಯಾರೂ ನನ್ನೊಡನೆ ವಾದಿಸಲಿಲ್ಲ. ಸ್ವಲ್ಪ ಹೊತ್ತು ಕಳೆದು ಯಜಮಾನರು ಗುಮಟೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಹಬ್ಬದ ರಾತ್ರಿ ಆ ಅಂಗಳದಲ್ಲಿ ಮತ್ತೆ ಹಾಡಾಗಲಿಲ್ಲ. ಅಂದು ಅದನ್ನು ನನ್ನ ಧರ್ಮದ ಜಯವೆಂದೇ ನಾನು ತಿಳಿದುಕೊಂಡೆ.

ಬೆಳಿಗ್ಗೆ ಅಜ್ಜಿ ಅವಲಕ್ಕಿಯ ತಟ್ಟೆ ಹಿಡಿದು ಬಂದರು. ಹಸಿವಿಲ್ಲವೆಂದು ಸುಳ್ಳು ಹೇಳಿ ಸೈಕಲ್ಲಿನತ್ತ ನಡೆದೆ. ಅಲ್ಲಿ ಆ ಮನೆಯ ಮೊಮ್ಮಗ ನಿಂತಿದ್ದ. ಹಿಂದಿನ ಸಂಜೆಯಿಂದ ಗಂಟೆ ಬಾರಿಸುತ್ತ ಸೈಕಲ್ಲನ್ನು ಕಾದವನು ಅವನೇ. ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದ ಸೀಟಿನ ಮೇಲೆ ಅಂಗೈ ಆಡಿಸುತ್ತ ಅವನು ಕೇಳಿದ:

“ಮಾಸ್ತರೇ, ಇದು ಯಾವ ಪ್ರಾಣಿದು?”

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಹಿಂದಿನ ರಾತ್ರಿ ನಾನು ಕೇಳಿದ್ದ ಪ್ರಶ್ನೆಯನ್ನೇ ನನ್ನ ಹಾಗೆಯೇ ಕುತೂಹಲದಿಂದ ಕೇಳಿದ್ದ, ಅಷ್ಟೆ. ನಾನು ಸೀಟನ್ನು ನೋಡಿದೆ. ದನದ್ದೋ, ಎಮ್ಮೆಯದೋ, ತಾನಾಗಿ ಸತ್ತದ್ದೋ, ಕೊಂದದ್ದೋ ನನಗೆ ತಿಳಿದಿರಲಿಲ್ಲ. “ಗೊತ್ತಿಲ್ಲಪ್ಪಾ,” ಎಂದೆ. ಆ ಹಿರಿಯರಿಗೆ ತಮ್ಮ ಗುಮಟೆಯ ಚರ್ಮ ಯಾವ ಬೇಣದ್ದು, ಯಾರು ಕಟ್ಟಿದ್ದು, ಆ ವರ್ಷದ ಮಳೆ ಹೇಗಿತ್ತು ಎಂಬುದೆಲ್ಲ ಗೊತ್ತಿತ್ತು. ನಾನು ಕುಳಿತು ಬಂದ ಚರ್ಮದ ವಿಷಯ, ತಿಂಗಳು ತಿಂಗಳೂ ಕೈಯಾರೆ ಎಣ್ಣೆ ಸವರಿದ ನನಗೆ ಏನೂ ಗೊತ್ತಿರಲಿಲ್ಲ.

ಆಗಲೇ ಒಳಗೆ ಹೋಗಿ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ನಾಚಿಕೆ ನನ್ನನ್ನು ತಡೆಯಿತೆಂದು ಹಲವು ಕಾಲ ಹೇಳಿಕೊಳ್ಳುತ್ತಿದ್ದೆ, ತಡೆದದ್ದು ಅಭಿಮಾನ. ಅದೇ ಸೀಟಿನ ಮೇಲೆ ಕುಳಿತು ಅಗಸೂರಿಗೆ ಮರಳಿದೆ. ಹೋಗುವಾಗ ಇರುವೆಯ ಸಾಲುಗಳನ್ನು ನೋಡುತ್ತ ಹೋದ ದಾರಿಯಲ್ಲಿ ಬರುವಾಗ ಏನು ಕಂಡೆನೋ ನೆನಪಿಲ್ಲ.

ಪಾಪ ಮೂರು ಬಗೆಯಿಂದ ಅಂಟುತ್ತದೆಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದುದನ್ನು ಒಪ್ಪಿಕೊಂಡದ್ದು. ಉಡವನ್ನು ಕೊಂದವರು ಆ ಹಿರಿಯರ ಅಜ್ಜ. ಅವರು ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಸೀಟಿನ ಪ್ರಾಣಿಯನ್ನು ನಾನು ಕೊಂದಿರಲಿಲ್ಲ, ಕೊಲ್ಲೆಂದು ಹೇಳಿರಲೂ ಇಲ್ಲ. ಆದರೆ ಅದರ ನುಣುಪನ್ನು ಮೆಚ್ಚಿ, ಎಣ್ಣೆ ಹಚ್ಚಿ, ನಾಲ್ಕು ಜನರಿಗೆ ತೋರಿಸಿ ಹಿಗ್ಗಿದ್ದೆ. ಇದಕ್ಕಿಂತ ಹೆಚ್ಚಿನ ಅನುಮೋದನೆ ಯಾವುದಿದ್ದೀತು? ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ತತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ವಿಚಾರಿಸದೆ ಇರುವುದೂ ಒಂದು ಎಚ್ಚರಗೇಡಿತನವಲ್ಲವೇ?

ಮರುವಾರ ಅಂಕೋಲೆಯ ಪೇಟೆಯಲ್ಲಿ ರೆಕ್ಸಿನ್ ಹೊದಿಸಿದ ಸೀಟು ಕೊಂಡು ಹಾಕಿಸಿದೆ. ಅಂಗಡಿಯವನು ಹಳೆಯದನ್ನು ನೋಡಿ, ಇಂಥದನ್ನು ತೆಗೆಸುವವರೂ ಇದ್ದಾರೆಯೇ ಎಂದು ಆಶ್ಚರ್ಯಪಟ್ಟ. ಸೀಟು ಬದಲಾದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಪಾದರಕ್ಷೆ, ಸೊಂಟದ ಪಟ್ಟಿ, ಗಡಿಯಾರದ ಪಟ್ಟಿ ಎಂದು ಅದು ಒಂದೊಂದನ್ನೇ ಹಿಂಬಾಲಿಸಿತು. ರಜೆಯಲ್ಲಿ ಊರಿಗೆ ಹೋದಾಗ ಪೂಜೆಯ ಹೊತ್ತಿನಲ್ಲಿಯೂ ಬಿಡಲಿಲ್ಲ. ಮೃದಂಗದ ಮುಚ್ಚಳಿಕೆ ಆಡು, ದನಗಳ ಚರ್ಮದ್ದು. ಬೀಸುವ ಚಾಮರ ಹಿಮಾಲಯದ ಚಮರೀಮೃಗದ ಬಾಲದ್ದು. ನಾವು ಮಡಿಯೆಂದು ಉಡುವ ರೇಷ್ಮೆಯ ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಗೂಡಿನೊಳಗಿನ ಜೀವವನ್ನು ಬಿಸಿಗೆ ಒಡ್ಡಿ ಕೊಂದ ನಂತರವೇ ಆ ನೂಲು ಅಖಂಡವಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಒಂದು ಸಭೆಯಲ್ಲಿ ಪ್ರಸ್ತಾಪಿಸಿದೆ. ಕೆಲವರು ನಕ್ಕರು, ಒಬ್ಬ ಹಿರಿಯರು, “ಪರಂಪರೆಯಿಂದ ಬಂದದ್ದನ್ನು ಹೀಗೆ ಕೆದಕಬಾರದು,” ಎಂದು ಗದರಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗುಮಟೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟ ಆ ಹಾಲಕ್ಕಿ ಯಜಮಾನರಿಗೂ ಇದೇ ಮಾತನ್ನು ಹೇಳುವ ಹಕ್ಕಿತ್ತು; ಅವರು ಹೇಳಿರಲಿಲ್ಲವೆಂಬುದು ಮಾತ್ರ ನೆನಪಾಯಿತು.

ಭಾದ್ರಪದದ ದಶಲಕ್ಷಣ ಪರ್ವ ಬಂದಿತು. ಉತ್ತಮ ಕ್ಷಮೆಯಿಂದ ಆರಂಭವಾಗುವ ಹತ್ತು ದಿನಗಳನ್ನು ಅಗಸೂರಿನ ಕೋಣೆಯಲ್ಲಿಯೇ ಆಚರಿಸಿದೆ. ಕ್ಷಮಾವಣಿಯಂದು ಬಂಧುಗಳಿಗೆಲ್ಲ ಎಂದಿನಂತೆ ಕಾಗದ ಬರೆದೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂಬ ಒಂದೇ ವಾಕ್ಯವನ್ನು ಹದಿನೈದಿಪ್ಪತ್ತು ಕಾರ್ಡುಗಳ ಮೇಲೆ ಬರೆಯುತ್ತಿದ್ದಾಗ ಲೇಖನಿ ನಿಂತಿತು. ಈ ಕಾರ್ಡು ಪಡೆಯುವವರಲ್ಲಿ ಯಾರನ್ನೂ ಆ ವರ್ಷ ನಾನು ನೋಯಿಸಿರಲಿಲ್ಲ. ನೋಯಿಸಿದ್ದ ಮನೆಗೆ ಕಾರ್ಡು ಹೋಗುತ್ತಿರಲಿಲ್ಲ.

ಆ ವಾರದ ಶನಿವಾರ ಶಾಲೆ ಬಿಟ್ಟೊಡನೆ ಮತ್ತೆ ಸೈಕಲ್ಲೇರಿದೆ. ಮಳೆ ಹನಿಯುತ್ತಿತ್ತು. ಮಾರ್ಚಿಯಲ್ಲಿ ಬೋಳಾಗಿದ್ದ ಗದ್ದೆಗಳಲ್ಲಿ ಪೈರು ತೂಗುತ್ತಿತ್ತು. ನೆನೆದು ತೊಪ್ಪೆಯಾಗಿ ಆ ಅಂಗಳ ಸೇರಿದಾಗ ಯಜಮಾನರು ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದರು. ಕೈಮುಗಿದು, “ಗೌಡರೇ, ಸುಗ್ಗಿಯ ರಾತ್ರಿ ನಿಮ್ಮ ಅಂಗಳದ ಹಾಡು ನಿಲ್ಲಿಸಿದೆ. ಅದು ನನ್ನ ತಪ್ಪು. ಕ್ಷಮಿಸಬೇಕು,” ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಮಾಸ್ತರೇ, ಚರ್ಮದ ಮಾತು ಬೇರೆ. ಅದನ್ನ ನಮ್ಮ ಹುಡುಗರೂ ಆಡ್ತಾರೆ. ಇದು ಹರಿದರೆ ಇನ್ನು ಉಡದ್ದು ಕಟ್ಟೋದಿಲ್ಲ. ಅದು ಮೊದಲೇ ಮಾತಾದದ್ದು. ಆದರೆ ನೀವು ಬೆಳಿಗ್ಗೆ ಏನೂ ತಿನ್ನದೆ ಎದ್ದು ಹೋದಿರಲ್ಲ, ನಮ್ಮಮ್ಮ ಆ ಇಡೀ ದಿನ ಉಣ್ಣಲಿಲ್ಲ.”

ಈ ಮಾತನ್ನು ಕೇಳಿದಾಗ ನನಗಾದುದನ್ನು ಬರೆಯಲಾರೆ. ಒಂದು ಉಡದ ಪ್ರಾಣಕ್ಕಾಗಿ ಮರುಗಿದ ನಾನು, ನನಗಾಗಿ ನೀರು ಸೋಸಿಕೊಟ್ಟ ಮನೆಯಲ್ಲಿ ಒಂದು ಮುದಿ ಜೀವವನ್ನು ದಿನವೆಲ್ಲ ಉಪವಾಸ ಕೆಡವಿದ್ದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಜ್ಜಿಯ ಬಳಿಗೆ ಹೋಗಿ, “ಅಮ್ಮಾ, ಅಂದಿನ ಅವಲಕ್ಕಿ ಇವತ್ತು ಕೊಡುತ್ತೀರಾ?” ಎಂದು ಕೇಳಿದೆ. ಅವರು ನಕ್ಕು ಒಳಗೆ ಹೋದರು.

ಅನಂತರದ ವರ್ಷಗಳಲ್ಲಿ ಬಹಳಷ್ಟು ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅರಿವು ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಗೋವೆಯಲ್ಲಿ ಇದೇ ವಾದ್ಯವನ್ನು ಘುಮಟ್ ಎನ್ನುತ್ತಾರೆ. 2019ರಲ್ಲಿ ಅಲ್ಲಿಯ ಸರಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಅಲ್ಲಿ ಈಗ ಉಡದ ಬದಲು ಆಡಿನ ಚರ್ಮ ಬಿಗಿಯುತ್ತಾರೆ. ಅದರಿಂದ ಹಿಂಸೆ ಇಲ್ಲವಾಯಿತೆಂದು ನಾನು ಹೇಳಲಾರೆ. ತಾನಾಗಿ ಸತ್ತ ದನದ ಚರ್ಮದ ಪಾದರಕ್ಷೆಗಳನ್ನೇ ಮೆಟ್ಟಬೇಕೆಂದು ಗಾಂಧೀಜಿಯವರು ಹೇಳುತ್ತಿದ್ದುದು ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಮೃದಂಗಕ್ಕೂ ಈಗ ಕೃತಕ ಹೊದಿಕೆಗಳು ಬಂದಿವೆ. ನಾದದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅವರವರ ಶಕ್ತಿ, ವಿವೇಕಗಳೇ ನಿರ್ಧರಿಸಬೇಕು.

ಆ ಹಾಲಕ್ಕಿ ಸಮಾಜದಿಂದಲೇ ಬಂದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡುಗಳ ಭಂಡಾರವಾಗಿದ್ದುದಲ್ಲದೆ ತಮ್ಮವರ ನಡುವೆ ನಿಂತು ಮದ್ಯಪಾನದ ವಿರುದ್ಧ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಗಳಲ್ಲಿ ಬಾಳಿನುದ್ದಕ್ಕೂ ಸಸಿಗಳನ್ನು ಸಾಕಿ, ಬರಿಗಾಲಿನಲ್ಲಿಯೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಅವರು ಅಗಲಿದ್ದು 2024ರಲ್ಲಿ. ಇವರಿಬ್ಬರ ಹೆಸರನ್ನು ಪತ್ರಿಕೆಗಳಲ್ಲಿ ಕಂಡಾಗಲೆಲ್ಲ ಆ ರಾತ್ರಿ ನಾನು ಅಂಗಳದಲ್ಲಿ ನಿಂತು ಯಾರಿಗೆ ಧರ್ಮೋಪದೇಶ ಮಾಡಲು ಹೊರಟಿದ್ದೆನೆಂದು ನೆನೆದು ತಲೆ ತಗ್ಗಿಸುತ್ತೇನೆ.

ಬಂಧುಗಳೇ, ನಮ್ಮ ಬಸದಿಗಳ ಆಡಳಿತ ನೋಡಿಕೊಳ್ಳುವ ಹಿರಿಯರಲ್ಲಿ ಒಂದು ವಿನಂತಿಯಿದೆ. ಏನನ್ನಾದರೂ ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಉಗ್ರಾಣದ ಬಾಗಿಲು ತೆರೆದು, ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಇದು ಯಾವುದರಿಂದ ಆದದ್ದು, ಎಲ್ಲಿಂದ ಬಂದದ್ದು ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡೋಣ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯೋಣ. ಮಕ್ಕಳನ್ನೂ ಜೊತೆಗೆ ಕೂಡಿಸಿಕೊಳ್ಳೋಣ. ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಅವರಿಗೆ ಸಂಕೋಚವಿರುವುದಿಲ್ಲ. ಇನ್ನೊಬ್ಬರ ಅಂಗಳದಲ್ಲಿ ಎದ್ದು ನಿಲ್ಲುವ ಮುನ್ನ ನಾವು ಯಾವುದರ ಮೇಲೆ ಕುಳಿತು ಬಂದೆವೆಂಬುದು ನಮಗೆ ತಿಳಿದಿರಲಿ.